ಡಿವಿಆರ್ ಡಬ್ಬಿಯೊಳಗಿನ ರಂಗೋಲಿ

ನಮ್ಮ ಮನೆಯ ಟಿವಿ ಕೆಳಗೆ ಒಂದು ಹಳೇ ಡಿವಿಆರ್ ಇದೆ. ಟಿವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ಇಡುವ ಡಬ್ಬಿ ಅದು. ಅಜ್ಜಿ ಮೈಸೂರಿನಿಂದ ಬಂದಿದ್ದಾಗ ನಮ್ಮೂರ ಲೈಬ್ರರಿಯಲ್ಲಿ ರಂಗೋಲಿ ಹಾಕಿದ್ದರು. ಲೋಕಲ್ ಚಾನೆಲ್‌ನಲ್ಲಿ ಅದು ಎರಡು ನಿಮಿಷ ಬಂತು. ಅಜ್ಜಿ ಈಗಿಲ್ಲ. ಆ ಎರಡು ನಿಮಿಷ ಇದ್ದದ್ದು ಈ ಡಬ್ಬಿಯಲ್ಲಿ ಮಾತ್ರ.

ಈ ಚಳಿಗಾಲದಲ್ಲಿ ಚಿತ್ರ ನಡುನಡುವೆ ನಿಲ್ಲೋಕೆ ಶುರುವಾಯ್ತು. ಕಿವಿ ಹತ್ತಿರ ಇಟ್ಟರೆ ಟಿಕ್ ಟಿಕ್ ಸದ್ದು. “ಹಾರ್ಡ್ ಡಿಸ್ಕ್ ಹೋಗ್ತಾ ಇದೆ, ಮೊದಲು ಪ್ಲಗ್ ತೆಗಿ” ಅಂದರು ಅಪ್ಪ.

ಡಿವಿಆರ್‌ನಲ್ಲಿ ಡಿಸ್ಕ್ ಬೇಗ ಸವೆಯೋದು ಏಕೆ ಗೊತ್ತಾ? 1999ರಲ್ಲಿ ಅಮೆರಿಕದಲ್ಲಿ ಟಿವೋ, ರೀಪ್ಲೇಟಿವಿ ಬಂದಾಗಿನಿಂದ ಈ ಯಂತ್ರಗಳ ಮುಖ್ಯ ಚಮತ್ಕಾರ ಒಂದೇ: ನೇರ ಪ್ರಸಾರವನ್ನೂ ಹಿಂದಕ್ಕೆ ತಿರುಗಿಸಿ ನೋಡಬಹುದು. ಅದಕ್ಕಾಗಿ, ನಾವು ನಿದ್ದೆ ಮಾಡ್ತಿದ್ದರೂ, ಡಬ್ಬಿ ಓಡುತ್ತಿರುವ ಚಾನೆಲ್ಲನ್ನು ಬರೆಯುತ್ತಾ, ಅಳಿಸುತ್ತಾ ಇರುತ್ತೆ. ಡಿಸ್ಕ್‌ಗೆ ಹಗಲೂ ರಾತ್ರಿ ಕೆಲಸ.

“ಡಿಸ್ಕ್ ತೆಗೆದು ಕಂಪ್ಯೂಟರ್‌ಗೆ ಹಾಕಿ ವಿಡಿಯೋ ತಗೊಂಡ್ರೆ ಆಯ್ತಲ್ವಾ?” ಅಂತ ನಾನು ಕೇಳಿದೆ. ಆಗಲ್ಲವಂತೆ. ಇಂಥ ಎಷ್ಟೋ ಡಬ್ಬಿಗಳು ವಿಡಿಯೋಗೆ ಬೀಗ ಹಾಕಿ ಇಡುತ್ತವೆ. ಬೀಗದ ಕೈ ಇರೋದು ಅದೇ ಡಬ್ಬಿಯ ಚಿಪ್‌ನಲ್ಲಿ. ಹಾಗಾಗಿ ಇಡೀ ಡಿಸ್ಕನ್ನು ಇದ್ದಹಾಗೇ ಹೊಸ ಡಿಸ್ಕ್‌ಗೆ ನಕಲು ಮಾಡಿ, ಅದೇ ಡಬ್ಬಿಗೆ ಹಾಕಬೇಕು. ಕೆಲವು ಡಬ್ಬಿಗಳು ಖಾಲಿ ಡಿಸ್ಕ್ ಕೊಟ್ಟರೂ ಒಪ್ಪಿಕೊಳ್ಳುತ್ತವೆ, ಆದರೆ ಹಳೇ ರೆಕಾರ್ಡಿಂಗ್ ವಾಪಸ್ ಬರಲ್ಲ.

ಮುಚ್ಚಳದ ಸ್ಕ್ರೂಗಳು ನಕ್ಷತ್ರದ ಆಕಾರದವು. ಅದಕ್ಕೆ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ನನ್ನ ಕೆಲಸ ಟಾರ್ಚ್ ಹಿಡಿಯೋದು. ಪ್ಲಗ್ ತೆಗೆದ ಮೇಲೂ ಒಳಗಿನ ಪವರ್ ಸಪ್ಲೈನಲ್ಲಿ ಕರೆಂಟ್ ಉಳಿದಿರಬಹುದು, ಮಕ್ಕಳು ಕೈ ಹಾಕಲೇಬಾರದು. ಕೇಬಲ್ ಕಂಪನಿಯ ಬಾಡಿಗೆ ಡಬ್ಬಿಯಾದರೆ ದೊಡ್ಡವರೂ ಬಿಚ್ಚಬಾರದು, ಅದು ಅವರ ಸೊತ್ತು.

ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸಿದ ತಕ್ಷಣ ವಿಂಡೋಸ್ “ಫಾರ್ಮ್ಯಾಟ್ ಮಾಡಲೇ?” ಅಂತ ಕೇಳಿತು. ಅಪ್ಪನ ಕೈ ಅಭ್ಯಾಸದಂತೆ “ಸರಿ” ಕಡೆಗೆ ಹೋಯ್ತು. ಅಮ್ಮ “ರೀ, ಬೇಡ!” ಅಂತ ಕೂಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿದೆವು. ಅದು ಬಲು ಜಾಣ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ನಕಲು ಮಾಡುತ್ತೆ, ಹಾಳಾದ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತೆ. ಪರೀಕ್ಷೆಯಲ್ಲಿ ಗೊತ್ತಿರೋ ಪ್ರಶ್ನೆ ಮೊದಲು ಬರೆಯೋ ಹಾಗೆ! ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಅಪ್ಪ ಮೂರು ಸಲ ನೋಡಿಕೊಂಡರು. ಅದಲುಬದಲಾದರೆ ಖಾಲಿ ಡಿಸ್ಕೇ ಅಜ್ಜಿಯ ಮೇಲೆ ನಕಲಾಗಿಬಿಡುತ್ತೆ. ಹೊಸದು ಹಳೆಯದರಷ್ಟಾದರೂ ದೊಡ್ಡದಿರಬೇಕು.

ರಾತ್ರಿ ಶುರು ಮಾಡಿದ್ದು, ಮುಗಿದದ್ದು ಮರುದಿನ ಮಧ್ಯಾಹ್ನ. ಹೊಸ ಡಿಸ್ಕ್ ಹಾಕಿ ಟಿವಿ ಹಚ್ಚಿದೆವು. ಒಂದೆರಡು ಕಡೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಆದರೆ ಅಜ್ಜಿ ಚುಕ್ಕಿ ಇಡೋದು ಪೂರ್ತಿ ಕಾಣುತ್ತೆ. ಅದನ್ನು ಟಿವಿಯಲ್ಲಿ ಓಡಿಸುತ್ತಲೇ ಕಂಪ್ಯೂಟರ್‌ಗೆ ಇಳಿಸಿಕೊಂಡೆವು. ಈಗ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿದೆ, ಇನ್ನೊಂದು ಮೈಸೂರಿನ ದೊಡ್ಡಪ್ಪನ ಮನೆಯಲ್ಲಿ.