ದಂಪತಿಗಳ ಹಡಗು ಪ್ರವಾಸ: ಟಿಕೆಟ್‌ಗೆ ಮೊದಲು



ಮಕ್ಕಳ ಮದುವೆ, ಮನೆ ಸಾಲ ಎಲ್ಲ ಮುಗಿದ ಮೇಲೆ ಇಬ್ಬರೇ ಒಮ್ಮೆ ಹಡಗು ಹತ್ತಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ದರ ಕೇಳುವ ಮೊದಲು ನಿಮ್ಮಿಬ್ಬರ ಮೊಣಕಾಲನ್ನು ಕೇಳಿ.

ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ ಬಂದರು ಅನುಕೂಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಮುಂಬೈ.

ಕೊಚ್ಚಿಯಿಂದ ಹೊರಡುವ ಐದು ದಿನಗಳ ‘ಸಮುದ್ರಂ’ ಪ್ರವಾಸದಲ್ಲಿ ಲಕ್ಷದ್ವೀಪದ ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ಹಗಲಲ್ಲಿ ನೋಡಿ, ರಾತ್ರಿ ಹಡಗಿನಲ್ಲೇ ಮಲಗುವುದು. ಪ್ರವೇಶ ಪರವಾನಗಿ ಕಡ್ಡಾಯ. ದ್ವೀಪದ ಸುತ್ತ ನೀರು ಆಳವಿಲ್ಲದ ಕಡೆ ಹಡಗು ದೂರದಲ್ಲೇ ನಿಲ್ಲುತ್ತದೆ. ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಒಬ್ಬರಿಗೆ ಅದು ಆಗದಿದ್ದರೆ ಇಬ್ಬರ ಪ್ರವಾಸ ಒಬ್ಬರದ್ದಾಗುತ್ತದೆ. ಅಂಥವರಿಗೆ ಮುಂಬೈ–ಗೋವಾ ಯಾನ ಹಗುರ. ಮುರಗಾಂವ್‌ನಲ್ಲಿ ಹಡಗು ನೇರ ಧಕ್ಕೆಗೇ ಬರುತ್ತದೆ.

ವಾಕರಿಕೆ ಬರುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ. ಅಲ್ಲಿ ಓಲಾಟ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು, ಆಗ ಬೇಡ.

ದರವನ್ನು ಸಾಮಾನ್ಯವಾಗಿ ತಲಾ ಲೆಕ್ಕದಲ್ಲಿ ಹೇಳುತ್ತಾರೆ. ಎರಡರಿಂದ ಗುಣಿಸಿ, ಬಂದರು ಶುಲ್ಕ, ಜಿಎಸ್‌ಟಿ ಸೇರಿದೆಯೇ ಎಂದು ಕೇಳಿಯೇ ಹಣ ಕಟ್ಟಿ.

ಹೋಗಿ ಬಂದವರು ನಿಮ್ಮ ಅನುಭವವನ್ನು ನಮಗೂ ಬರೆದು ತಿಳಿಸಿ.