ಯಂತ್ರದ ಮೌನವನ್ನು ನಂಬಬೇಡಿ

ಮಧುಮೇಹಿಯ ತೋಳಿಗೆ ಅಂಟಿಸುವ ಸಂವೇದಕ ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆ ಮಟ್ಟ ಅಳೆದು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳುಹಿಸುತ್ತದೆ. ರಾತ್ರಿ ಸಕ್ಕರೆ ತೀರಾ ಇಳಿದರೆ ಮೊಬೈಲು ಸದ್ದು ಮಾಡಿ ಎಚ್ಚರಿಸುತ್ತದೆ. ಆದರೆ ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ ಮಲಗಿದರೆ? ಗೋಡೆಗಳಷ್ಟೇ ಅಲ್ಲ, ದೇಹದಲ್ಲಿರುವ ನೀರೂ ಈ ಸಂಕೇತವನ್ನು ತಡೆಯುತ್ತದೆ.

ಆದ್ದರಿಂದ ಮೊಬೈಲು ಹಾಸಿಗೆಯ ಪಕ್ಕ, ಸಂವೇದಕವಿರುವ ತೋಳಿನ ಕಡೆಗೇ ಇರಲಿ. ಬ್ಲೂಟೂತ್ ಚಾಲನೆಯಲ್ಲಿದೆಯೇ, ಸದ್ದು ಕೇಳುವಂತಿದೆಯೇ ಎಂದು ಮಲಗುವ ಮುನ್ನ ನೋಡಿಕೊಳ್ಳಿ.

ಸದ್ದು ಬರಲಿಲ್ಲವೆಂದ ಮಾತ್ರಕ್ಕೆ ಎಲ್ಲವೂ ಸರಿಯಿದೆಯೆಂದಲ್ಲ. ಬೆವರು, ನಡುಕ, ತೊದಲು ಕಂಡರೆ ಬೆರಳ ತುದಿಯ ರಕ್ತ ಪರೀಕ್ಷಿಸಿ. ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಬೆರೆಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.