ಮುಧೋಳದ ಎಳೆಯ ಬೇಟೆನಾಯಿ

ರನ್ನ ಬೆಳಗಲಿ ಎಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರಾದ ನಮಗೆ ಹತ್ತನೆಯ ಶತಮಾನದ ಮಹಾಕವಿಯ ಸ್ಮರಣೆಯಾಗುವುದು ಸಹಜ. ಗದಾಯುದ್ಧದ ಕರ್ತೃವಾದ ರನ್ನನ ಹೆಸರನ್ನು ಹೊತ್ತಿರುವ ಈ ಊರು ಮುಧೋಳದ ಸೀಮೆಗೆ ಸೇರಿದುದು. ಆದರೆ ಈ ಹೊತ್ತು ನಾನು ಮಾತನಾಡಹೊರಟಿರುವುದು ಕವಿಯನ್ನು ಕುರಿತಲ್ಲ. ಅದೇ ಸೀಮೆಯ ಹೊಲಗಳಲ್ಲಿ ಓಡಿ ಹೆಸರಾದ ಒಂದು ನಾಯಿಯನ್ನು ಕುರಿತು. ಅದರಲ್ಲಿಯೂ ಆ ನಾಯಿಯ ಬಾಳಿನ ಮೊದಲ ಎರಡು ವರ್ಷಗಳನ್ನು ಕುರಿತು. ಆ ಅವಧಿಯಲ್ಲಿ ಅದು ಮಾಡುವ ತಪ್ಪುಗಳನ್ನು ಕಂಡು, ‘ಈ ಜಾತಿಗೆ ವೇಗವುಂಟು, ಬುದ್ಧಿಯಿಲ್ಲ’ ಎಂದು ತೀರ್ಪುಕೊಟ್ಟು ಅದನ್ನು ಕೈಬಿಡುವವರು ಪಟ್ಟಣಗಳಲ್ಲಿ ಕಡಮೆಯಿಲ್ಲ. ಆ ತಪ್ಪುಗಳಲ್ಲಿ ಹೆಚ್ಚಿನ ಪಾಲು ನಾಯಿಯದಲ್ಲ, ಪಳಗಿಸುವವನದು ಎಂದು ನಾನು ತಿಳಿದಿದ್ದೇನೆ.

ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಗಿಸುವೆನು. ಮುಧೋಳವು ಘೋರ್ಪಡೆ ಮನೆತನದ ಆಳ್ವಿಕೆಗೆ ಒಳಪಟ್ಟಿದ್ದ ಒಂದು ಸಣ್ಣ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿಯ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಬೇಟೆಗಾರ ಜನರ ಬಳಿಯಿದ್ದ ಉತ್ತಮ ನಾಯಿಗಳನ್ನು ಆರಿಸಿ ಸಾಕಿ ಈ ತಳಿಯನ್ನು ಉಳಿಸಿದರೆಂದೂ, ಐದನೆಯ ಜಾರ್ಜ್ ದೊರೆಗೆ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರೆಂದೂ ಪ್ರಸಿದ್ಧಿಯಿದೆ. ನಡು ಏಷ್ಯ, ಪಶ್ಚಿಮ ಏಷ್ಯಗಳಿಂದ ಬಂದ ವರ್ತಕರ ತಂಡಗಳೊಡನೆ ಇದರ ಪೂರ್ವಿಕರು ದಖ್ಖನಿಗೆ ಬಂದರೆಂಬುದು ಸಾಮಾನ್ಯವಾದ ಅಭಿಪ್ರಾಯ. ‘ಕ್ಯಾರವಾನ್ ಹೌಂಡ್’ ಎಂಬ ಇನ್ನೊಂದು ಹೆಸರು ಅದನ್ನೇ ಸೂಚಿಸುತ್ತದೆ. 2005ರಲ್ಲಿ ಅಂಚೆಯ ಇಲಾಖೆಯವರು ಭಾರತೀಯ ನಾಯಿಗಳ ನಾಲ್ಕು ಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ನಾಯಿಗೂ ಒಂದು ಸಿಕ್ಕಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇಟೆನಾಯಿಗಳಲ್ಲಿ ಎರಡು ದೊಡ್ಡ ಪಂಗಡಗಳುಂಟು: ಮೂಗನ್ನು ನಂಬಿ ನಡೆಯುವುವು, ಕಣ್ಣನ್ನು ನಂಬಿ ಓಡುವುವು. ಮೊದಲನೆಯದಕ್ಕೆ ಅಮೆರಿಕದ ಕೂನ್‌ಹೌಂಡ್ ಒಳ್ಳೆಯ ನಿದರ್ಶನ. ಆ ದೇಶದಲ್ಲಿ ರಕೂನ್ ಎಂಬ ನಿಶಾಚರ ಪ್ರಾಣಿಯೊಂದಿದೆ; ಅಪಾಯ ಬಂದರೆ ಅದು ಮರವನ್ನೇರುತ್ತದೆ. ಕೂನ್‌ಹೌಂಡ್ ಕತ್ತಲೆಯಲ್ಲಿ ಅದರ ವಾಸನೆಯನ್ನು ಹಿಡಿದು, ದಾರಿಯುದ್ದಕ್ಕೂ ಕೂಗುತ್ತ ಹೋಗಿ, ಮರದ ಬುಡದಲ್ಲಿ ನಿಂತು, ಒಡೆಯನು ಬರುವವರೆಗೆ ಬೊಗಳುತ್ತದೆ. ಒಡೆಯನಿಗೆ ನಾಯಿ ಕಾಣಬೇಕಾಗಿಲ್ಲ, ಕೇಳಿಸಿದರೆ ಸಾಕು. ಎಳೆಯ ಕೂನ್‌ಹೌಂಡ್ ರಕೂನಿನ ಜಾಡನ್ನು ಬಿಟ್ಟು ಜಿಂಕೆಯ ಜಾಡನ್ನು ಹಿಡಿಯಬಹುದು, ಖಾಲಿಯಾದ ಮರದ ಕೆಳಗೆ ನಿಂತು ಬೊಗಳಬಹುದು. ಆದರೆ ತಪ್ಪಿದ ಜಾಡನ್ನು ಮತ್ತೆ ಹುಡುಕಲು ಅದಕ್ಕೆ ಅವಕಾಶವಿದೆ. ವಾಸನೆಯು ನೆಲದ ಮೇಲೆ ಕೆಲವು ಕಾಲ ಉಳಿದಿರುತ್ತದೆ.

ಮುಧೋಳದ ನಾಯಿಗೆ ಈ ಸೌಕರ್ಯವಿಲ್ಲ. ಅದು ಎರಡನೆಯ ಪಂಗಡಕ್ಕೆ ಸೇರಿದುದು. ಕಂಡದ್ದನ್ನು ಅಟ್ಟುವುದು ಅದರ ಸ್ವಭಾವ. ಓಟದಲ್ಲಿ ಅದು ಬಹುಮಟ್ಟಿಗೆ ಮೌನಿ. ಉದ್ದವಾದ ಮೂತಿಯ ನಾಯಿಗಳ ಕಣ್ಣಿನ ಒಳಪೊರೆಯಲ್ಲಿ ನರಕೋಶಗಳು ಅಡ್ಡಪಟ್ಟಿಯಂತೆ ದಟ್ಟವಾಗಿ ಸೇರಿರುತ್ತವೆ. ಆದುದರಿಂದ ದಿಗಂತದ ಉದ್ದಕ್ಕೂ ಎಲ್ಲಿ ಏನು ಅಲುಗಿದರೂ ಅವುಗಳಿಗೆ ಗೋಚರವಾಗುತ್ತದೆ. ಅಲುಗದೆ ಕುಳಿತದ್ದು ಹತ್ತಿರದಲ್ಲಿದ್ದರೂ ಗಮನಕ್ಕೆ ಬಾರದೆ ಹೋಗಬಹುದು. ಗಂಡು ನಾಯಿ ಸುಮಾರು 68ರಿಂದ 72 ಸೆಂಟಿಮೀಟರ್ ಎತ್ತರ. ಹೆಣ್ಣು ಸ್ವಲ್ಪ ಕಡಮೆ. ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಬಿಲ್ಲಿನಂತೆ ಬಾಗಬಲ್ಲ ಬೆನ್ನು. ನಾಗಾಲೋಟದಲ್ಲಿ ಒಂದೊಂದು ಹೆಜ್ಜೆಯ ಸುತ್ತಿಗೆ ಎರಡು ಸಲ ಅದರ ನಾಲ್ಕು ಪಾದಗಳೂ ನೆಲವನ್ನು ಬಿಟ್ಟಿರುತ್ತವೆ: ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ಇಷ್ಟು ವೇಗದಲ್ಲಿರುವ ಪ್ರಾಣಿಗೆ ಒಡೆಯನು ಹಿಂದಿನಿಂದ ಕೂಗಿ ಹೇಳಬಹುದಾದುದು ಏನೂ ಇಲ್ಲ. ಹಗ್ಗವನ್ನು ಬಿಟ್ಟ ಕ್ಷಣದಿಂದ ಎಲ್ಲ ತೀರ್ಮಾನಗಳೂ ನಾಯಿಯವೇ. ಅದನ್ನು ಪಳಗಿಸುವುದೆಂದರೆ ಆಜ್ಞೆಗಳನ್ನು ಕಲಿಸುವುದಲ್ಲ. ಹಗ್ಗವನ್ನು ಬಿಡುವುದಕ್ಕೆ ಮೊದಲೇ ಅದರ ಮೈಯನ್ನೂ ಮನಸ್ಸನ್ನೂ ಸಿದ್ಧಪಡಿಸುವುದು.

ಒಂದು ಮರಿಯನ್ನು ಕಲ್ಪಿಸಿಕೊಳ್ಳಿ. ಆರೇಳು ತಿಂಗಳಿಗೇ ಅದು ಕಾಲುದ್ದವಾಗಿ ಬೆಳೆದು ದೊಡ್ಡ ನಾಯಿಯಂತೆ ಕಾಣುತ್ತದೆ. ಮೊದಲನೆಯ ಅವಸರ ಇಲ್ಲಿಯೇ. ಕಾಲಿನ ನೀಳವಾದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಭಾಗಗಳು ಒಂದು ವರ್ಷ ತುಂಬುವವರೆಗೂ, ಕೆಲವು ನಾಯಿಗಳಲ್ಲಿ ಅದರ ನಂತರವೂ, ಗಟ್ಟಿಯಾಗಿರುವುದಿಲ್ಲ. ಆ ವಯಸ್ಸಿನಲ್ಲಿ ಬಲವಂತದ ಓಟಕ್ಕೆ ಬಿಟ್ಟ ಮರಿಯು ಒಂದೇ ತಿರುವಿನಲ್ಲಿ ಆಜನ್ಮ ಕುಂಟಾಗಬಹುದು. ಆಗ ಅದಕ್ಕೆ ಬೇಕಾದುದು ಓರಗೆಯ ಮರಿಗಳೊಡನೆ ಮನಬಂದಂತೆ ಆಟ, ಜೋಳದ ನುಚ್ಚು, ಹಾಲು, ಒಂದು ಮೊಟ್ಟೆ, ಮತ್ತು ತನ್ನ ಹೆಸರಿನ ಪರಿಚಯ. ಉಣ್ಣುವ ಹೊತ್ತಿಗೆ ಹೆಸರು ಹಿಡಿದು ಕರೆದರೆ ಹೆಸರೆಂದರೆ ಸುಖವೆಂದು ಅದು ತಿಳಿಯುತ್ತದೆ. ಗದರಿಕೆಯನ್ನು ಈ ಜಾತಿ ಸಹಿಸುವುದಿಲ್ಲ. ಅಪರಿಚಿತರು ಮೈಮುಟ್ಟುವುದನ್ನಂತೂ ದೊಡ್ಡದಾದ ಮೇಲೂ ಒಪ್ಪುವುದಿಲ್ಲ. ಇದನ್ನು ಹೇಡಿತನವೆಂದು ಭಾವಿಸುವವರಿದ್ದಾರೆ. ಅದು ಬಿಗುಮಾನವೇ ಹೊರತು ಹೇಡಿತನವಲ್ಲ.

ಎರಡನೆಯ ಸಂಕಟವು ಕುರಿಗಳ ರೂಪದಲ್ಲಿ ಬರುತ್ತದೆ. ಓಡುವುದನ್ನು ಕಂಡರೆ ಅಟ್ಟುವುದು ಹುಟ್ಟುಗುಣವಾಗಿರುವಾಗ, ಕುರುಬರ ಹಿಂಡಿನಿಂದ ಚಿಮ್ಮಿದ ಮರಿಗೂ ಪೊದೆಯಿಂದ ಎದ್ದ ಮೊಲಕ್ಕೂ ಇರುವ ಭೇದವು ಎಳೆನಾಯಿಗೆ ಹೇಗೆ ತಿಳಿಯಬೇಕು? ಕುರಿಯನ್ನು ಕೊಂದ ನಾಯಿಗೆ ಹಳ್ಳಿಯಲ್ಲಿ ಬಾಳುವೆಯಿಲ್ಲ. ದಂಡ ತೆತ್ತರೂ ಕಳಂಕ ಹೋಗದು. ಇದಕ್ಕೆ ಒಳ್ಳೆಯ ಉಪಾಯವೆಂದರೆ ಕಣ್ಣು ಬಿಟ್ಟ ಕೆಲವು ವಾರಗಳಿಂದಲೇ ಮರಿಯನ್ನು ಆಡು ಕುರಿಗಳ ಹಟ್ಟಿಯ ಬಳಿ ಬೆಳೆಸುವುದು. ಒಂದೆರಡು ಸಲ ಟಗರಿನ ಹಾಯಿತವಾದರೆ ಪಾಠವು ಇನ್ನೂ ಚೆನ್ನಾಗಿ ನಾಟುತ್ತದೆ. ಮಾಡಬಾರದ ಕೆಲಸ ಒಂದುಂಟು. ಹಿಂಡಿನ ಮೇಲೆ ಬಿದ್ದ ನಾಯಿಯು ಕರೆದಾಗ ಹಿಂದಿರುಗಿ ಬಂದರೆ ಅದನ್ನು ಹೊಡೆಯುವುದು. ಹೊಡೆತವು ಕುರಿಯನ್ನು ಅಟ್ಟಿದ್ದಕ್ಕೆಂದು ನಾವು ತಿಳಿಯುತ್ತೇವೆ. ಬಂದದ್ದಕ್ಕೆಂದು ನಾಯಿ ತಿಳಿಯುತ್ತದೆ. ಮರುಸಲ ಅದು ಅಟ್ಟುವುದನ್ನು ಬಿಡುವುದಿಲ್ಲ, ಬರುವುದನ್ನು ಬಿಡುತ್ತದೆ.

ಇನ್ನು ಮೊದಲ ಮೊಲದ ಮಾತು. ಇಲ್ಲಿ ಹೇಳುವುದು ಹಿಂದಿನ ದಿನಗಳ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಬೇಟೆಯು ಅಪರಾಧ. ಮೊಲವೂ ಆ ಕಾಯಿದೆಯ ರಕ್ಷಣೆಯಲ್ಲಿದೆ. ಆ ಕಾಲದಲ್ಲಿ ಹಿಂಗಾರಿಯ ಬಿಳಿಜೋಳವನ್ನು ಕೊಯ್ದಾದ ಬಳಿಕ, ಚಳಿಯ ಬೆಳಗಿನಲ್ಲಿ, ನಾಲ್ಕಾರು ಮಂದಿ ಹೊಲದಲ್ಲಿ ಅಗಲವಾಗಿ ಹರಡಿಕೊಂಡು ನಡೆಯುತ್ತಿದ್ದರು. ಮೊಲವು ನೆಲದ ಸಣ್ಣ ತಗ್ಗಿನಲ್ಲಿ ಮೈಯೊತ್ತಿ ಕುಳಿತು, ಕಾಲು ತಗಲುವಷ್ಟು ಸಮೀಪಕ್ಕೆ ಬಂದಾಗ ಮಾತ್ರ ಎದ್ದೋಡುವುದು. ಅದು ತುಸು ದೂರ ಹೋಗುವವರೆಗೆ ತಡೆದು, ನಾಯಿಯ ಕಣ್ಣು ಅದರ ಮೇಲೆ ನೆಟ್ಟಿತೆಂದು ಖಚಿತವಾದ ಮೇಲೆ, ಹಗ್ಗವನ್ನು ಬಿಡುವರು. ಆ ಬಳಿಕ ನಡೆಯುವುದು ಬಹುಮಟ್ಟಿಗೆ ನಾಯಿಗೆ ಅವಮಾನ. ವೇಗದಲ್ಲಿ ಮೇಲಾದ ನಾಯಿ ಬಾಲವನ್ನು ಮುಟ್ಟುವಷ್ಟರಲ್ಲಿ ಮೊಲವು ಥಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಭಾರವಾದ ನಾಯಿಯು ತನ್ನ ವೇಗದಿಂದಲೇ ಹತ್ತಾರು ಮಾರು ಮುಂದೆ ಹೋಗಿಬಿಡುತ್ತದೆ. ತಿರುಗಿ ನೋಡುವಷ್ಟರಲ್ಲಿ ಮೊಲವು ಬದುವಿನ ಜಾಲಿಯಲ್ಲಿ ಮಾಯ. ಆಗ ಎಳೆನಾಯಿ ನಡುಹೊಲದಲ್ಲಿ ತಲೆಯೆತ್ತಿ ನಿಂತು ಸುತ್ತಲೂ ನೋಡಿ, ಕಡೆಗೆ ಒಡೆಯನ ಕಡೆ ನೋಡುತ್ತದೆ. ನೋಡಿದವರು ‘ಬಿಟ್ಟುಕೊಟ್ಟಿತು’ ಎನ್ನುವರು. ಅದು ಬಿಟ್ಟುಕೊಟ್ಟದ್ದಲ್ಲ, ಕಾಣದ್ದು ಅದರ ಪಾಲಿಗೆ ಇಲ್ಲವಾಯಿತು, ಅಷ್ಟೇ.

ತಿಳಿದ ಬೇಟೆಗಾರನು ಅಂದಿನ ಮಟ್ಟಿಗೆ ಅಲ್ಲಿಗೇ ಮುಗಿಸುತ್ತಿದ್ದನು. ತಿಳಿಯದವನು ರೋಷದಿಂದ ಎರಡನೆಯ, ಮೂರನೆಯ ಮೊಲಕ್ಕೆ ಬಿಡುತ್ತಿದ್ದನು. ಸೋತು ದಣಿದ ಮೈಯೊಡನೆ ಮತ್ತೆ ಸೋತ ನಾಯಿಯು, ಓಟವೆಂದರೆ ಕೈಗೂಡದ ಕೆಲಸವೆಂದು ಕಲಿತುಬಿಡುವುದು. ಹಾಗೆ ಕಲಿತದ್ದನ್ನು ಮರೆಸುವುದು ಬಹಳ ಕಷ್ಟ. ಪ್ರಾಯದ ನುರಿತ ನಾಯಿಯೊಡನೆ ಜೊತೆಗೂಡಿಸಿ ಬಿಡುವುದು ಇದಕ್ಕೆ ಪರಿಹಾರವಾಗಿತ್ತು. ಒಂದು ನಾಯಿ ಮೊಲವನ್ನು ಹೊರಳಿಸಿದರೆ ಇನ್ನೊಂದು ಅಡ್ಡಗಟ್ಟುತ್ತದೆ. ಆದರೆ ಅದರಲ್ಲಿಯೂ ಒಂದು ತೊಡಕು. ಜಾಣಮರಿಯು ಕೆಲವು ದಿನಗಳಲ್ಲಿಯೇ, ತಾನು ಹಿಂದೆ ಓಡುವ ಅಗತ್ಯವಿಲ್ಲ, ಹಿರಿಯನು ಹೊರಳಿಸುವ ಕಡೆ ಮೊದಲೇ ಹೋಗಿ ಕಾದರೆ ಸಾಕೆಂದು ಕಂಡುಕೊಳ್ಳುತ್ತದೆ. ಓಟದ ಸೊಬಗನ್ನು ನೋಡಲು ಕುದುರೆಯ ಮೇಲೆ ಬಂದ ಸಿರಿವಂತನು ಇದನ್ನು ಮೋಸವೆಂದು ಹಳಿದಾನು. ಸಂಜೆಯ ಅಡಿಗೆಗೆ ಮಾಂಸವನ್ನು ನೆಚ್ಚಿಕೊಂಡವನು ಅದೇ ನಾಯಿಗೆ ಹೆಚ್ಚು ಬೆಲೆ ಕೊಟ್ಟಾನು. ನನ್ನ ಮನಸ್ಸು ಎರಡನೆಯವನ ಕಡೆಗೇ ಒಲಿಯುತ್ತದೆ.

ನೆಲದಿಂದ ಒದಗುವ ಕೇಡುಗಳು ಬೇರೆ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಜೋಳದ ಕೂಳೆಯು ಮೊಳೆಯಂತೆ ಚೂಪಾಗಿರುತ್ತದೆ. ಅಂಗಾಲಿನ ಮೆತ್ತೆಯನ್ನು ಸೀಳುತ್ತದೆ. ಬೇಸಗೆಯಲ್ಲಿ ಎರೆಯ ನೆಲವು ಬಿರಿದು ಕಾಲು ಇಳಿಯುವಷ್ಟು ಬಿರುಕುಗಳಾಗುತ್ತವೆ. ನಾಗಾಲೋಟದ ನಾಯಿಯ ಕಾಲು ಅದರಲ್ಲಿ ಸಿಕ್ಕಿದರೆ ಮೂಳೆ ಮುರಿಯದೆ ಉಳಿಯುವುದು ದೈವಕೃಪೆ. ಬಿಸಿಲಿನ ಅಪಾಯ ಇವೆರಡಕ್ಕಿಂತ ಮೇಲು. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಗುಸಿರಿನಿಂದ ನಾಲಗೆಯ ಮೂಲಕವೇ ಕಾವನ್ನು ಕಳೆಯಬೇಕು. ಅದರ ಸಹಜವಾದ ಕಾವು ಸುಮಾರು 38.5 ಡಿಗ್ರಿ ಸೆಂಟಿಗ್ರೇಡ್. ಓಟದ ತರುವಾಯ ಅದು 41ನ್ನು ಮೀರಿ ಇಳಿಯದೆ ನಿಂತರೆ ಪ್ರಾಣಕ್ಕೆ ಅಪಾಯ. ಹೊತ್ತು ಮೇಲೇರುವ ಮುನ್ನ ಓಟ ಮುಗಿಯಬೇಕು. ಎದೆ ಆಳವಾದ ನಾಯಿಗೆ ಹೊಟ್ಟೆ ತುಂಬ ಉಣಿಸಿ ಓಡಿಸಕೂಡದು. ಜಠರವು ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಗಾಯಗೊಂಡ ನಾಯಿಯನ್ನು ವಾರಗಟ್ಟಲೆ ಕಟ್ಟಿಹಾಕುವುದು ಯಜಮಾನನಿಗೆ ಬೇಸರದ ಕೆಲಸವಾದರೂ ಬೇರೆ ದಾರಿಯಿಲ್ಲ. ಅರ್ಧ ಮಾಗಿದ ಪಾದದಿಂದ ಓಡಿದುದು ನೋವಿನ ನೆನಪಿನಿಂದ ಮುಂದೆ ತಿರುವಿನಲ್ಲಿ ಹಿಂಜರಿಯುತ್ತದೆ.

ಇಷ್ಟೆಲ್ಲ ಅರಿವು ಮುಧೋಳ, ಜಮಖಂಡಿಯ ಸುತ್ತಿನ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದದ್ದು, ಎರೆಯ ಬಯಲು ಮತ್ತು ಮೊಲದ ಬೇಟೆ ಎಂಬ ಎರಡು ಆಧಾರಗಳ ಮೇಲೆ. ಕಾಯಿದೆಯು ಎರಡನೆಯದನ್ನು ನಿಲ್ಲಿಸಿತು, ನಿಲ್ಲಿಸಿದ್ದು ನ್ಯಾಯವೇ. ಮೊದಲನೆಯದನ್ನು ಕಬ್ಬು ನುಂಗುತ್ತಿದೆ. ಘಟಪ್ರಭೆಯ ನೀರು ಹರಿದು, ಸಕ್ಕರೆಯ ಕಾರ್ಖಾನೆಗಳು ಎದ್ದು, ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದಂತೆ, ಕಣ್ಣು ಹರಿಯುವವರೆಗೂ ಕಾಣುತ್ತಿದ್ದ ಹೊಲಗಳಲ್ಲಿ ಆಳೆತ್ತರಕ್ಕೂ ಮೀರಿದ ಪೈರು ವರ್ಷವಿಡೀ ನಿಲ್ಲುವಂತಾಯಿತು. ರೈತನ ಸಂಸಾರಕ್ಕೆ ಇದರಿಂದ ಒಳ್ಳೆಯದಾಯಿತು. ಅದರ ಬಗೆಗೆ ದೂರುವುದು ತರವಲ್ಲ. ಆದರೆ ಕಣ್ಣಿನಿಂದ ಬಾಳುವ ನಾಯಿಗೆ ಕಬ್ಬಿನ ಹೊಲವೆಂದರೆ ಗೋಡೆ.

ಬೇರೆ ಕೆಲಸಗಳಿಗೆ ಇದನ್ನು ತೊಡಗಿಸುವ ಪ್ರಯತ್ನಗಳು ನಡೆದಿವೆ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ನಾಯಿಯ ಸಂಶೋಧನೆಗಾಗಿ ಒಂದು ಕೇಂದ್ರವನ್ನು ನಡೆಸುತ್ತಿದ್ದಾರೆ. 2016ರಲ್ಲಿ ಅಲ್ಲಿಂದ ಕೆಲವು ನಾಯಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದುವು. ಕಾವಲಿಗೂ ಗಸ್ತಿಗೂ ಇವು ಒದಗಬಹುದು. ಆದರೆ ಬಚ್ಚಿಟ್ಟ ಮದ್ದನ್ನು ಮೂಗಿನಿಂದ ಪತ್ತೆಹಚ್ಚುವುದರಲ್ಲಿ ಲ್ಯಾಬ್ರಡಾರ್ ನಾಯಿಯೊಡನೆ ಇವನ್ನು ಹೋಲಿಸಿ ಅಂಕ ಕೊಡುವುದು, ಈಜುವುದರಲ್ಲಿ ಕುದುರೆಯನ್ನು ಮೀನಿನೊಡನೆ ಹೋಲಿಸಿದಂತೆ.

ನಗರವಾಸಿಗಳಾದ ಶ್ರೋತೃಗಳಲ್ಲಿ ಯಾರಾದರೂ ಈ ಮರಿಯನ್ನು ತರುವ ಆಸೆಯುಳ್ಳವರಾಗಿದ್ದರೆ ಅವರಿಗೆ ಒಂದೆರಡು ಮಾತು. ಮಹಡಿಯ ಮನೆಯಲ್ಲಿ ಕೂಡಿಹಾಕಿ, ಸಂಜೆ ಹತ್ತು ನಿಮಿಷ ಬೀದಿಯಲ್ಲಿ ನಡೆಸಿದರೆ ಸಾಲದು. ಬೀದಿಯಲ್ಲಿ ಹಗ್ಗವನ್ನು ಬಿಟ್ಟರೆ ಬೆಕ್ಕನ್ನೋ ಸ್ಕೂಟರನ್ನೋ ಅಟ್ಟಿಹೋದೀತು. ಎಷ್ಟು ಕೂಗಿದರೂ ಕೇಳದು. ವಾರಕ್ಕೆ ಎರಡು ಸಲವಾದರೂ, ಬೇಲಿಯಿರುವ ಬಯಲಿನಲ್ಲಿ, ಹಗ್ಗದ ತುದಿಗೆ ಬಟ್ಟೆಯ ಚಿಂದಿಯನ್ನೋ ತೊಗಲಿನ ತುಂಡನ್ನೋ ಕಟ್ಟಿ ಎಳೆದು ಅದನ್ನು ಓಡಿಸಬೇಕು. ಮೊಲದ ಸ್ಥಾನದಲ್ಲಿ ಈಗ ಉಳಿದಿರುವುದು ಈ ಚಿಂದಿಯೇ. ಮೊದಮೊದಲು ನೇರವಾಗಿಯೇ ಎಳೆಯಿರಿ; ತಿರುವುಗಳು ಒಂದು ವರ್ಷ ತುಂಬಿದ ಮೇಲೆ. ಮರಿಯ ಕಣ್ಣಿನಿಂದ ಚಿಂದಿಯು ತಪ್ಪಿ, ಅದು ತಲೆಯೆತ್ತಿ ನಿಂತು ನಿಮ್ಮ ಕಡೆ ನೋಡಿದಾಗ ಕೂಗಬೇಡಿ. ಅದರ ಮುಂದೆ ಹತ್ತು ಹೆಜ್ಜೆಯ ದೂರದಲ್ಲಿ ಚಿಂದಿಯನ್ನು ಮತ್ತೊಮ್ಮೆ ಅಲುಗಿಸಿ. ಅದು ಹಿಡಿದು ಕೊಡವಿದ ಮೇಲೆ ಆ ದಿನದ ಓಟವನ್ನು ನಿಲ್ಲಿಸಿ, ಉಸಿರಾಟವು ಶಾಂತವಾಗುವವರೆಗೆ ನಡೆಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕೊಡಿ.